ನಾಣ್ಯ ಅಗ್ಗ, ಡಬ್ಬಿ ದುಬಾರಿ

1957ರಲ್ಲಿ ಅಮೆರಿಕದ ಡೆನ್ವರ್ ಟಂಕಸಾಲೆ ನೂರು ಕೋಟಿಗೂ ಹೆಚ್ಚು ಒಂದು ಸೆಂಟ್ ನಾಣ್ಯಗಳನ್ನು ಹೊಡೆಯಿತು. ಮುಂದೆ ಲಿಂಕನ್ ಮುಖ, ಹಿಂದೆ ಎರಡು ಗೋಧಿ ತೆನೆ, ಇಸವಿಯ ಕೆಳಗೆ ಪುಟ್ಟದೊಂದು 'ಡಿ'. ಚಿಕಾಗೋ ಸುತ್ತಮುತ್ತಲಿನ ನಾಣ್ಯದಂಗಡಿಗಳಲ್ಲಿ ಇಂಥವು ರಾಶಿ ಬಿದ್ದಿರುತ್ತವೆ, ಬೊಗಸೆಗಟ್ಟಲೆ ತರಬಹುದು. ಅಂಥದೇ ಒಂದಕ್ಕೆ ನಾನು ಹತ್ತಾರು ಡಾಲರ್ ಕೊಟ್ಟಿದ್ದೇನೆ, ಬೇಸರವೇನಿಲ್ಲ. ಕೊಟ್ಟದ್ದು ನಾಣ್ಯಕ್ಕಲ್ಲ, ಅದನ್ನು ಮುಚ್ಚಿಟ್ಟಿದ್ದ ಪ್ಲಾಸ್ಟಿಕ್ ಡಬ್ಬಿಗೆ.

ನಾಣ್ಯ ಅಸಲಿಯೇ, ಎಷ್ಟು ಸವೆದಿದೆ ಎಂದು ನೋಡಿ, ಅಂಕ ಬರೆದ ಚೀಟಿಯ ಜೊತೆ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮೊಹರು ಮಾಡಿ ಕೊಡುವ ಕಂಪನಿಗಳು ಅಲ್ಲಿವೆ. ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಈ ಕೆಲಸ ಶುರುಮಾಡಿದವು. ಆ ಡಬ್ಬಿಗೆ ಎಲ್ಲರೂ ಹೇಳುವುದು ಸ್ಲ್ಯಾಬ್ ಎಂದೇ. ಹೊಸ ಸ್ಲ್ಯಾಬ್ ಬಂದಾಗ ವ್ಯಾಪಾರಿಗಳಿಗೆ ತೋರಿಸಬೇಕಲ್ಲ, ಹಾಗಾಗಿ ನಾಣ್ಯ ಮೇಳಗಳಲ್ಲಿ ಪುಕ್ಕಟೆ ಹಂಚಿದರು. ಪುಕ್ಕಟೆ ಕೊಡುವುದರೊಳಗೆ ಬಂಗಾರ ಹಾಕುತ್ತಾರೆಯೇ? ಸೆಂಟ್, ನಿಕಲ್, ಡೈಮ್, ಕೈಗೆ ಸಿಕ್ಕ ಅಗ್ಗದ ನಾಣ್ಯ ಹಾಕಿ, ಚೀಟಿಯ ಮೇಲೆ 'ಸ್ಯಾಂಪಲ್' ಎಂದು ಅಚ್ಚು ಹಾಕಿದರು. ಪಡೆದವರಲ್ಲಿ ಅನೇಕರು ಎಲ್ಲೋ ಎಸೆದರು. ಉಳಿದವನ್ನು ಈಗ ನಮ್ಮಂಥವರು ಹುಡುಕಿಕೊಂಡು ಅಲೆಯುತ್ತೇವೆ. ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣದ ಚಿತ್ರ ಕೂಡಿಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡ್ಡಿಯ ಲೆಕ್ಕ ಯಾರಿಗೆ ಬೇಕಿತ್ತು?

ಇದರಲ್ಲೊಂದು ತಮಾಷೆಯಿದೆ. ನಾಣ್ಯಕ್ಕೆ 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿಯನ್ನು ವಿಲಿಯಂ ಶೆಲ್ಡನ್ 1949ರಲ್ಲಿ ರೂಪಿಸಿದ್ದು ಹಳೆಯ ದೊಡ್ಡ ತಾಮ್ರದ ಸೆಂಟ್‌ಗಳಿಗಾಗಿಯೇ. ಆಮೇಲೆ ಬೆಳ್ಳಿ, ಬಂಗಾರ ಎಲ್ಲವೂ ಅದೇ ಅಳತೆಗೆ ಬಂದವು. ಸ್ಯಾಂಪಲ್ ಸ್ಲ್ಯಾಬಿನೊಳಗಿನ ಬಡಪಾಯಿ ಸೆಂಟ್‌ಗೆ ಮಾತ್ರ ಸಾಮಾನ್ಯವಾಗಿ ಅಂಕವೇ ಇರುವುದಿಲ್ಲ.

ಅಂಕವಿಲ್ಲದ ಮೇಲೆ ನೋಡುವ ಕ್ರಮವೂ ಬದಲಾಗುತ್ತದೆ. ಭೂತಗನ್ನಡಿ ಲಿಂಕನ್ನನ ಕೆನ್ನೆಯ ಮೇಲಲ್ಲ, ಪ್ಲಾಸ್ಟಿಕ್ಕಿನ ಅಂಚಿನ ಮೇಲೆ ಓಡಬೇಕು. ಎರಡು ಹೋಳು ಬೆಸೆದ ಗೆರೆ ಸುತ್ತಲೂ ಒಂದೇ ಸಮ ಇದೆಯೇ, ಎಲ್ಲಾದರೂ ಬಿಳಿಚಿದೆಯೇ, ಮೀಟಿದ ಗುರುತಿದೆಯೇ? ಪಿಸಿಜಿಎಸ್‌ನ ಮೊದಲ ಕಾಲದ ಪುಟ್ಟ ಸ್ಲ್ಯಾಬ್ ಅಲ್ಲಾಡಿಸಿದರೆ ಒಳಗಿನ ನಾಣ್ಯ ಗಲಗಲ ಎನ್ನುತ್ತದೆ, ಸಂಗ್ರಾಹಕರು ಅದನ್ನು 'ರ‍್ಯಾಟ್ಲರ್' ಎನ್ನುವುದೇ ಆ ಕಾರಣಕ್ಕೆ. ಸದ್ದು ಬಂತೆಂದು ಹೆದರಬೇಡಿ. ಎನ್‌ಜಿಸಿ ಶುರುವಿನಲ್ಲಿ ಸ್ವಲ್ಪ ಕಾಲ ಮಾತ್ರ ಬಳಸಿದ ಕಪ್ಪು ಸ್ಲ್ಯಾಬ್‌ಗಂತೂ, ಒಳಗೆ ಏನೇ ಇರಲಿ, ಬೇಡಿಕೆಯೇ ಬೇರೆ.

ನಕಲಿಯ ಕಾಟ ಇಲ್ಲಿ ಹೆಚ್ಚು ಸೂಕ್ಷ್ಮ. ಮಾಮೂಲಿ ಸ್ಲ್ಯಾಬಾದರೆ ಚೀಟಿಯ ಸಂಖ್ಯೆಯನ್ನು ಕಂಪನಿಯ ದಾಖಲೆಯಲ್ಲಿ ಹುಡುಕಬಹುದು. ಸ್ಯಾಂಪಲ್‌ಗಳಲ್ಲಿ ಹಲವಕ್ಕೆ ಸಂಖ್ಯೆಯೇ ಇಲ್ಲ. ನಕಲಿ ಸ್ಲ್ಯಾಬ್ ಮಾಡುವ ಖದೀಮರು ಹುಟ್ಟಿಕೊಂಡು ವರ್ಷಗಳೇ ಆದವು. ಆದ್ದರಿಂದ ಅದೇ ಕಾಲದ ಮಾಮೂಲಿ ಸ್ಲ್ಯಾಬೊಂದು ಜೇಬಿನಲ್ಲಿಲ್ಲದೆ ನಾನು ಖರೀದಿಗೆ ಹೋಗುವುದಿಲ್ಲ. ಎರಡನ್ನೂ ಪಕ್ಕಪಕ್ಕ ಹಿಡಿದರೆ ಅಕ್ಷರದ ದಪ್ಪ, ಚೀಟಿಯ ಬಣ್ಣ, ಪ್ಲಾಸ್ಟಿಕ್ಕಿನ ಅಂಚು ತಾವೇ ಮಾತಾಡುತ್ತವೆ. ಮಾರುವವ ಮುಖ ಗಂಟಿಕ್ಕಿದರೆ ಗಂಟಿಕ್ಕಲಿ.

ಇನ್ನು ಅಂಟಿನ ವಿಷಯ. ಹಳೇ ಸ್ಲ್ಯಾಬ್‌ಗಳ ಮೇಲೆ ವ್ಯಾಪಾರಿಗಳ ಬೆಲೆಚೀಟಿ ಕಚ್ಚಿಕೊಂಡಿರುತ್ತದೆ. ನಾಣ್ಯ ಸಂಗ್ರಾಹಕರ ಮನೆಯಲ್ಲಿ ಅಸಿಟೋನ್ ಬಾಟಲಿ ಇದ್ದೇ ಇರುತ್ತದೆ, ಬರಿಯ ನಾಣ್ಯದ ಜಿಡ್ಡು ತೆಗೆಯಲು ಒಳ್ಳೆಯದೇ. ಅದನ್ನು ಸ್ಲ್ಯಾಬಿಗೆ ಮುಟ್ಟಿಸಿದರೆ ಪ್ಲಾಸ್ಟಿಕ್ ಕರಗಿ ಮಂಜುಗಟ್ಟುತ್ತದೆ, ಮತ್ತೆ ತಿಳಿಯಾಗುವುದಿಲ್ಲ. ನಾನು ಬಳಸುವುದು ಕೊಬ್ಬರಿ ಎಣ್ಣೆ. ಹತ್ತಿಯ ತುದಿಗೆ ಒಂದು ಹನಿ, ಬೆಸುಗೆಯ ಗೆರೆಯಿಂದ ದೂರ, ಅಂಟು ನೆನೆಯುವವರೆಗೆ ತಾಳ್ಮೆ. ಆಮೇಲೆ ಬೆರಳಲ್ಲೇ ಉಜ್ಜಿದರೆ ಸುರುಳಿ ಸುರುಳಿಯಾಗಿ ಬರುತ್ತದೆ. ಗೀರು ಹೋಗಲಾಡಿಸಲು ಪಾಲಿಶ್ ಹಾಕುವವರಿದ್ದಾರೆ. ಡಬ್ಬಿಯೇ ಸಂಗ್ರಹದ ವಸ್ತುವಾಗಿರುವಾಗ ಅದು ನನಗೆ ಒಪ್ಪಿಗೆಯಿಲ್ಲ.

ಮೊಹರು ಮಾಡಿದ್ದಾರೆಂದು ಗಾಳಿ ಹೋಗುವುದೇ ಇಲ್ಲ ಎಂದುಕೊಳ್ಳಬೇಡಿ. ಕೆಂಪಗೆ ಹೊಳೆಯುವ ತಾಮ್ರ ಸ್ಲ್ಯಾಬಿನೊಳಗೂ ನಿಧಾನಕ್ಕೆ ಕಂದುತ್ತದೆ. ಚಿಕಾಗೋ ಕಡೆಯ ಬೇಸ್‌ಮೆಂಟ್‌ಗಳಲ್ಲಿ ಬೇಸಿಗೆಯ ತೇವ ಹೆಚ್ಚು, ಮೇಲಿನ ಮಹಡಿಯ ಬೀರುವೇ ವಾಸಿ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಬಿಸಿಲಿಗೆ ಚೀಟಿಯ ಬಣ್ಣ ಹೋಗುವುದರಿಂದ ಕಿಟಕಿಯ ಪಕ್ಕ ಪ್ರದರ್ಶನಕ್ಕೆ ಇಡುವುದೂ ಬೇಡ.

2025ರ ನವೆಂಬರ್ 12ರಂದು ಫಿಲಡೆಲ್ಫಿಯಾ ಟಂಕಸಾಲೆ ಚಲಾವಣೆಗಾಗಿ ಕೊನೆಯ ಸೆಂಟ್‌ಗಳನ್ನು ಹೊಡೆದಂದಿನಿಂದ ನಮ್ಮ ಕನ್ನಡದ ಗೆಳೆಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಇನ್ನು ಬೆಲೆ ಏರುತ್ತದಾ? ಚಲಾವಣೆಯಲ್ಲಿ ಸುಮಾರು 30,000 ಕೋಟಿ ಸೆಂಟ್‌ಗಳಿವೆ ಎಂಬುದು ಸರ್ಕಾರದ ಅಂದಾಜು. ಮಾಮೂಲಿ ಸೆಂಟ್ ನಂಬಿ ಮನೆ ಕಟ್ಟಲಾಗದು. ಸ್ಯಾಂಪಲ್ ಸ್ಲ್ಯಾಬ್ ಅಪರೂಪವೇನೋ ನಿಜ, ಆದರೆ ಕೊಳ್ಳುವವರೂ ಅಷ್ಟೇ ಅಪರೂಪ. ಹತ್ತು ಜನ ಸಂಗ್ರಾಹಕರಿಗೆ ತೋರಿಸಿದರೆ ಎಂಟು ಜನ ಒಳಗಿನ ನಾಣ್ಯ ನೋಡಿ ನಗುತ್ತಾರೆ. ಹೂಡಿಕೆಯ ದುಡ್ಡು ಇದಕ್ಕೆ ಹಾಕಬೇಡಿ, ಸಿನಿಮಾ ಹೋಟೆಲ್ಲಿನ ದುಡ್ಡು ಹಾಕಿ.

ಆಸೆ ಹುಟ್ಟಿದ್ದರೆ ಹತ್ತಿರದ ದೊಡ್ಡ ನಾಣ್ಯ ಮೇಳಕ್ಕೆ ಹೋಗಿ, ಗ್ರೇಡಿಂಗ್ ಕಂಪನಿಗಳ ಕೌಂಟರಿನಲ್ಲಿ ಸ್ಯಾಂಪಲ್ ಇದೆಯೇ ಎಂದು ನಾಚಿಕೆ ಬಿಟ್ಟು ಕೇಳಿ. ಕೊಟ್ಟರೆ ಖರ್ಚಿಲ್ಲ, ಕೊಡದಿದ್ದರೆ ನಷ್ಟವಿಲ್ಲ.