ಉಡುಗೊರೆ ನನ್ನದು, ಬಿಲ್ಲು ಅಕ್ಕನದು

ಮೂರು ವರ್ಷದ ಹಿಂದೆ ಕೋಟೇಶ್ವರದಲ್ಲಿ ಅಕ್ಕನ ಮನೆ ಒಕ್ಕಲಿಗೆ ನಾನು ಕೊಟ್ಟದ್ದು ಕರೆಂಟಿನ ಕಾಫಿ ಮೇಕರ್. ಬೆಂಗಳೂರಿನ ಅಂಗಡಿಯೊಂದರಲ್ಲಿ 3,400 ರೂಪಾಯಿ. ಕಾಗದದ ಫಿಲ್ಟರಿನದು, ಗಾಜಿನ ಜಗ್ಗು, ಅದರಡಿ ಬಿಸಿ ತಟ್ಟೆ. ಪೆಟ್ಟಿಗೆಯೊಳಗೆ ಹತ್ತು ಕಾಗದ ಇಟ್ಟಿದ್ದರು. ಆರನೇ ದಿನ ಅಕ್ಕನ ಫೋನು ಬಂತು: "ಮೆಶಿನ್ ಚಂದ ಇತ್ತ್ ಮಾರಾಯ, ಆರೆ ಈ ಕಾಗ್ದ ಎಲ್ಲ್ ಸಿಕ್ಕತ್ತ್?"

ಕುಂದಾಪುರದಲ್ಲಿ ಸಿಗಲಿಲ್ಲ, ಭಾವ ಉಡುಪಿಗೆ ಹೋದಾಗ ಕೇಳಿದರೆ ಅಲ್ಲೂ ಇಲ್ಲ. ಬುಟ್ಟಿಯಾಕಾರದ ಆ ಕಾಗದ ಆ ಯಂತ್ರಕ್ಕೆ ಮಾತ್ರ ಕೂರುವಂಥದ್ದು. ಆನ್‌ಲೈನಿನಲ್ಲಿ ತರಿಸಿದರೆ ಒಂದಕ್ಕೆ ಐದು ರೂಪಾಯಿ ಬೀಳುತ್ತಿತ್ತು. ಬೆಳಿಗ್ಗೆ ಒಂದು, ಸಂಜೆ ಒಂದು ಎಂದರೆ ವರ್ಷಕ್ಕೆ 730 ಕಾಗದ, 3,650 ರೂಪಾಯಿ. ಯಂತ್ರದ ಬೆಲೆಗಿಂತ ಹೆಚ್ಚು, ಅದೂ ಪ್ರತಿ ವರ್ಷ! ಕರೆಂಟಿನ ಲೆಕ್ಕ ದೊಡ್ಡದಲ್ಲ. 700 ವಾಟಿನ ಯಂತ್ರ ದಿನಕ್ಕೆ 20 ನಿಮಿಷ ಓಡಿದರೆ ತಿಂಗಳಿಗೆ ಏಳು ಯೂನಿಟ್. ಆದರೆ ಬೆಲೆಚೀಟಿ ಕಿತ್ತು ಚಂದದ ಹಾಳೆ ಸುತ್ತಿ ಕೊಟ್ಟವನು ನಾನು, ಮುಂದಿನ ಬಿಲ್ಲೆಲ್ಲ ಅಕ್ಕನ ತಲೆಗೆ.

ರುಚಿಯೂ ಹೊಂದಲಿಲ್ಲ. ಅವರದು ನೀರಿಗೆ ಬೆಲ್ಲ, ಪುಡಿ ಹಾಕಿ ಕುದಿಸಿ, ಚರಟ ಕೆಳಗೆ ಕೂತ ಮೇಲೆ ಹಾಲು ಬೆರೆಸುವ ಕಾಫಿ. ಇಂಥ ಯಂತ್ರಗಳ ಲೆಕ್ಕವೋ ಲೀಟರು ನೀರಿಗೆ ಸುಮಾರು 60 ಗ್ರಾಂ ಪುಡಿ. ಹಾಲಿಲ್ಲದೆ ಕುಡಿಯುವವರಿಗೆ ಅದು ಸರಿ. ಅದಕ್ಕೆ ಅರ್ಧ ಲೋಟ ಹಾಲು ಸುರಿದರೆ ಕಾಫಿಯ ಬಣ್ಣವೊಂದೇ ಉಳಿಯುತ್ತದೆ. ಗಟ್ಟಿಯಾಗಲೆಂದು ಅಕ್ಕ ಚಿಕೋರಿ ಬೆರೆತ ನುಣ್ಣನೆ ಪುಡಿಯನ್ನು ಹೆಚ್ಚು ಹಾಕಿದಳು. ಕಾಗದ ಕಟ್ಟಿಕೊಂಡು, ನೀರು ಇಳಿಯದೆ ಅಂಚಿನಿಂದ ಉಕ್ಕಿ ಕಟ್ಟೆಯೆಲ್ಲ ಚೆಲ್ಲಿತು. ಯಂತ್ರ ಅಟ್ಟಕ್ಕೆ ಹೋಯಿತು.

ಕಾಗದದ ಫಿಲ್ಟರಿನ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕಳೆದ ವರ್ಷ ಭಾವನ ರಕ್ತಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟರಾಲ್ ಹೆಚ್ಚಿದೆ ಎಂದು ಬಂತು. ಮಾತ್ರೆಯ ಜೊತೆ ಡಾಕ್ಟರು ಇನ್ನೊಂದು ಮಾತು ಹೇಳಿದರು: ಕುದಿಸಿದ ಕಾಫಿ ಬೇಡ, ಕಾಗದದಲ್ಲಿ ಸೋಸಿ ಕುಡಿಯಿರಿ. ಇದಕ್ಕೆ ಆಧಾರವಿದೆ. ಕಾಫಿಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್, ಕಾವಿಯಾಲ್ ಎಂಬ ಅಂಶಗಳಿವೆ. ಕೊಲೆಸ್ಟರಾಲ್ ಏರಿಸುವುದು ಅವೇ. ಕುದಿಸಿದ ಕಾಫಿ ಕುಡಿಯುವ ನಾರ್ವೆಯ ಟ್ರೋಮ್ಸೋ ಊರಿನ ಜನರ ಮೇಲಿನ ಅಧ್ಯಯನ 1983ರಲ್ಲಿ ಪ್ರಕಟವಾದ ಮೇಲೆ ಈ ಅಂಶಗಳ ಹುಡುಕಾಟ ಜೋರಾಯಿತು. ಕಾಗದ ಆ ಎಣ್ಣೆಯ ಬಹುಪಾಲನ್ನು ಹಿಡಿದುಕೊಳ್ಳುತ್ತದೆ. ಮಾತ್ರೆಗೆ ಇದು ಬದಲಿಯಲ್ಲ, ಆದರೆ ದಿನಕ್ಕೆ ಮೂರು ಲೋಟ ಕುಡಿಯುವವರಿಗೆ ಲೆಕ್ಕಕ್ಕೆ ಬರುವ ಸಂಗತಿ.

ಈ ಸಲ ನಾನು ಅಂಗಡಿಗೆ ಹೋಗುವ ಮೊದಲು ಲೆಕ್ಕ ಹಾಕಲು ಕೂತೆ. ಕಾಗದದ ಫಿಲ್ಟರ್ ಹುಟ್ಟಿದ್ದೇ ಸರಳವಾಗಿ: ಜರ್ಮನಿಯ ಡ್ರೆಸ್ಡನ್‌ನಲ್ಲಿ 1908ರಲ್ಲಿ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿ ಹಿತ್ತಾಳೆ ಪಾತ್ರೆಗೆ ಮೊಳೆಯಿಂದ ತೂತು ಹೊಡೆದು, ಮಗನ ಪಟ್ಟಿಯ ಒತ್ತುಕಾಗದ ಹರಿದು ಒಳಗಿಟ್ಟು ಕಾಫಿ ಸೋಸಿದಳು. ಕಾಗದದ ಫಿಲ್ಟರ್ ಎಂದರೆ ಇವತ್ತಿಗೂ ಅಷ್ಟೇ: ತೂತಿನ ಪಾತ್ರೆ, ಕಾಗದ, ಬಿಸಿನೀರು. ಬಿಸಿ ತಟ್ಟೆ, ಗಡಿಯಾರ, ಹಸಿರು ದೀಪ ಇವಕ್ಕೆಲ್ಲ ನಾವು ಬೇರೆಯೇ ದುಡ್ಡು ಕೊಡುತ್ತೇವೆ.

ಹಾಗಾಗಿ 450 ರೂಪಾಯಿಯ ಪಿಂಗಾಣಿ ಕೋನ್ ಕೊಂಡೆ. ಹಲವು ಕಂಪನಿಗಳು ತಯಾರಿಸುವ 1×4 ಅಳತೆಯ ಕಾಗದ ಅದಕ್ಕೆ ಕೂರುತ್ತದೆ. ಒಬ್ಬರಲ್ಲಿ ಸಿಗದಿದ್ದರೆ ಇನ್ನೊಬ್ಬರದು. ನೂರರ ಕಟ್ಟಿಗೆ 300 ರೂಪಾಯಿಯಂತೆ ನಾಲ್ಕು ಕಟ್ಟು: ಡಿಕಾಕ್ಷನ್ ದಿನಕ್ಕೆ ಒಮ್ಮೆಯೇ ಇಳಿಸುವುದರಿಂದ ದಿನಕ್ಕೊಂದರಂತೆ ವರ್ಷಕ್ಕೆ ಸಾಕು. ಒಟ್ಟು 1,650, ಮೊದಲ ಉಡುಗೊರೆಯ ಅರ್ಧಕ್ಕೂ ಕಡಿಮೆ. ಪುಡಿಯಂಗಡಿಯವರಿಗೆ ಚಿಕೋರಿ ಬೇಡ, ಸಣ್ಣ ರವೆಯಷ್ಟು ತರಿಯಾಗಿ ಬೀಸಿಕೊಡಿ ಎಂದೆ. ಕೋಟೇಶ್ವರದ ರಥೋತ್ಸವವಾದ ಕೊಡಿ ಹಬ್ಬಕ್ಕೆ ಊರಿಗೆ ಹೋದಾಗ, ಹೊಸ ಮದುಮಕ್ಕಳು ಕಬ್ಬಿನ ಕೊಡಿ ಹಿಡಿದು ತೇರಿನ ಗದ್ದಲದಿಂದ ಮನೆಗೆ ಹೊರಟ ಹೊತ್ತಿನಲ್ಲಿ, ಅಕ್ಕನ ಅಡುಗೆಕೋಣೆಯಲ್ಲಿ ನಾನೇ ಮಾಡಿ ತೋರಿಸಿದೆ. 25 ಗ್ರಾಂ ಪುಡಿ, 200 ಮಿಲಿ ನೀರು. ಮೊದಲು ಕಾಗದವನ್ನು ಬಿಸಿನೀರಲ್ಲಿ ನೆನೆಸಬೇಕು, ಆಮೇಲೆ ನಿಧಾನಕ್ಕೆ ಹೊಯ್ಯಬೇಕು. ಈ ಗಟ್ಟಿ ಡಿಕಾಕ್ಷನ್ ಹಾಲನ್ನು ತಡೆದುಕೊಳ್ಳುತ್ತದೆ. ಭಾವ ಎರಡನೇ ಲೋಟ ಕೇಳಿದರು. ಚರಟವನ್ನು ಕಾಗದದ ಸಮೇತ ಅಕ್ಕ ತೆಂಗಿನ ಬುಡಕ್ಕೆ ಹಾಕುತ್ತಾಳೆ.

ಅಮೆರಿಕದಿಂದ ಬರುವ ಮಕ್ಕಳು, ನೆಂಟರು ಉಡುಗೊರೆಗೆಂದು ಯಂತ್ರ ತರುವ ಮುಂಚೆ ಅದರ ತಳದಲ್ಲಿ ಬರೆದದ್ದನ್ನು ಓದಬೇಕು. ಅಲ್ಲಿನದು 120 ವೋಲ್ಟ್. ನಮ್ಮ 230ಕ್ಕೆ ಚುಚ್ಚಿದರೆ ಕಾಯಿಸುವ ಸುರುಳಿ ಸುಮಾರು ಮೂರೂವರೆ ಪಟ್ಟು ಹೆಚ್ಚು ಕರೆಂಟು ಉರಿಸಿ ಸುಟ್ಟುಹೋಗುತ್ತದೆ. ಗಲ್ಫಿನದು ಹೆಚ್ಚಾಗಿ ವೋಲ್ಟೇಜಿಗೆ ಹೊಂದುತ್ತದೆ, ಪ್ಲಗ್ಗು ಮಾತ್ರ ಬೇರೆ.

ಮದುವೆಗೋ ಒಕ್ಕಲಿಗೋ ಕಾಫಿ ಮೇಕರ್ ಕೊಡಬೇಕೆಂದಿದ್ದರೆ, ಆ ಮನೆಯವರು ಹಾಲು ಹಾಕಿ ಕುಡಿಯುತ್ತಾರೋ ಇಲ್ಲವೋ ಮೊದಲು ಕೇಳಿ. ಅದರ ಕಾಗದ ಅವರ ಊರಿಗೆ ಸುಲಭವಾಗಿ ಬರುತ್ತದೆಯೇ ನೋಡಿ. ಕೊಡುವ ಪೆಟ್ಟಿಗೆಯಲ್ಲಿ ಒಂದು ವರ್ಷದ ಕಾಗದವನ್ನೂ, ಯಂತ್ರವಾದರೆ ಅಂಗಡಿಯ ಮೊಹರು ಬಿದ್ದ ವಾರಂಟಿ ಕಾರ್ಡನ್ನೂ ಇಟ್ಟು ಕೊಡಿ. ಅಷ್ಟಕ್ಕೆ ದುಡ್ಡು ಸಾಲದಿದ್ದರೆ ಇನ್ನೂ ಅಗ್ಗದ ಕೋನ್ ಆರಿಸಿ, ಕಾಗದವನ್ನು ಮಾತ್ರ ಕಡಿಮೆ ಮಾಡಬೇಡಿ.