ಮನೆಯ ಪ್ರಾರ್ಥನೆಗೆ ನೆರೆಯವರ ಆಕ್ಷೇಪ

ಶುಕ್ರವಾರ ಸಂಜೆ ನಾಲ್ಕು ಕುಟುಂಬ ಸೇರಿ ಬೈಬಲ್ ಓದಿದರೆ ಮತಾಂತರವಾಗುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲಮ್ಮ. ಸಂವಿಧಾನದ 25ನೇ ವಿಧಿ ನಂಬುವ ಹಕ್ಕಿನ ಜೊತೆಗೆ ಆಚರಿಸುವ ಹಕ್ಕನ್ನೂ ಕೊಟ್ಟಿದೆ. ರಾಷ್ಟ್ರಗೀತೆಗೆ ಎದ್ದು ನಿಂತರೂ ನಂಬಿಕೆಯ ಕಾರಣಕ್ಕೆ ಹಾಡದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದಾಗ, 1986ರಲ್ಲಿ ಸುಪ್ರೀಂ ಕೋರ್ಟ್ ಈ ವಿಧಿಯನ್ನೂ ಆಧರಿಸಿ ಮಕ್ಕಳ ಪರ ತೀರ್ಪಿತ್ತಿತು.

ಹಾಗೆಂದು ಕಾನೂನು ಹಿಡಿದು ಪಕ್ಕದ ಮನೆ ಬಾಗಿಲು ಬಡಿಯಬೇಡಿ. ಪ್ರಾರ್ಥನೆಗೆ ನುಡಿಸುವ ಕೀಬೋರ್ಡ್ ಸದ್ದು ತಗ್ಗಿಸಿ, ಮೆಟ್ಟಿಲ ಮೇಲೆ ಚಪ್ಪಲಿ ರಾಶಿ ಬೀಳದಂತೆ ನೋಡಿಕೊಳ್ಳಿ. ಅರ್ಧ ಜಗಳ ಅಲ್ಲೇ ಇರುತ್ತದೆ. ಮಂಗಳೂರಿನವರು, ಕ್ರಿಸ್‌ಮಸ್‌ಗೆ ಕುಸ್ವಾರ್ ತಿಂಡಿ ಹಂಚುವವರೇ ತಾನೆ ನೀವು? ಡಿಸೆಂಬರ್‌ವರೆಗೆ ಕಾಯದೆ ನೆರೆಯವರನ್ನು ಚಹಾಕ್ಕೆ ಕರೆಯಿರಿ, ಪ್ರಾರ್ಥನೆಯಿಲ್ಲದ ದಿನ. ಬೆದರಿಕೆ ಬಂದರೆ ಮಾತ್ರ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.