ಗುಡ್ಡ ಕುಸಿದಾಗ ಮೊದಲು ಯಾರ ಕೆಲಸ?

2025ರ ಜುಲೈನಲ್ಲಿ ಅನಮೋಡ ಘಾಟ್ ರಸ್ತೆ ಗೋವಾ ಬದಿಯಲ್ಲಿ ಕುಸಿದು ಭಾರೀ ವಾಹನಗಳು ನಿಂತವು. ಇಂಥ ಹೊತ್ತಲ್ಲಿ ಲಾರಿಯವರಿಗೆ ರಸ್ತೆ ಬೇಕು, ಊರಿಗೆ ಆಂಬುಲೆನ್ಸ್ ಬರಬೇಕು. ಎರಡೂ ನ್ಯಾಯವೇ, ಮೊದಲು ಅದೇ ಆಗಲಿ. ಆದ್ರೆ ಮಣ್ಣು ನಿಮ್ಮ ಗದ್ದೆಗೂ ನುಗ್ಗಿದ್ದರೆ, ಜೆಸಿಬಿ ಇಳಿಯೋ ಮೊದಲೇ ಮೊಬೈಲಲ್ಲಿ ಫೋಟೊ ತೆಗೀರಿ; ಮಣ್ಣು ಎತ್ತಿದ ಮೇಲೆ ನಷ್ಟ ತೋರಿಸೋದು ಕಷ್ಟ.

ಭತ್ತಕ್ಕೆ ಫಸಲ್ ಬಿಮಾ ಮಾಡಿಸಿದ್ದರೆ 72 ಗಂಟೆಯೊಳಗೆ 14447ಕ್ಕೆ ಫೋನ್ ಮಾಡಿ. ಸರ್ಕಾರದ ಬೆಳೆ ಪರಿಹಾರದ ದಾರಿಯೇ ಬೇರೆ: ನಷ್ಟ ಕನಿಷ್ಠ ಶೇ 33 ಇರಬೇಕು, ಗ್ರಾಮ ಆಡಳಿತ ಅಧಿಕಾರಿಗೆ ಅರ್ಜಿ ಕೊಡಬೇಕು. ವಿಮೆಯವರಿಗೆ ಹೇಳಿದ್ದು ಕಂದಾಯದವರಿಗೆ ತಲುಪೋದಿಲ್ಲ.

ನೆಟ್‌ವರ್ಕ್ ಇಲ್ವಾ? (ಜೋಯಿಡಾದಲ್ಲಿ ಕೇಳೋ ಪ್ರಶ್ನೆನಾ ಇದು!) ಪೇಟೆಗೆ ಹೋಗೋ ಒಬ್ಬರ ಕೈಲಿ ಇಡೀ ಕೇರಿಯವರ ಹೆಸರು, ಸರ್ವೆ ನಂಬರ್, ಪಾಲಿಸಿ ನಂಬರ್ ಬರೆದು ಕಳಿಸಿ.